ಕೆರೆಯಂಗಳದ ಮೂರು ಕ್ಯಾಸೆಟ್ಟುಗಳು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮಿಕ್ಕಿದ್ದನ್ನು ಹೇಳುವುದು ಸುಲಭ. ತಿಪಟೂರಿನಲ್ಲಿ ನಮ್ಮದೊಂದು ಸಣ್ಣ ಸ್ಟುಡಿಯೋ ಇತ್ತು. ಫೋಟೋ ನಮ್ಮ ಯಜಮಾನರದು, ವಿಡಿಯೋ ನನ್ನದು. ತೊಂಬತ್ತರ ದಶಕದ ಕೊನೆಯಲ್ಲಿ ಹೆಂಗಸೊಬ್ಬಳು ಹೆಗಲ ಮೇಲೆ ಕ್ಯಾಮರಾ ಹೊತ್ತು ಮದುವೆ ಮನೆಗೆ ಬರುವುದು ನಮ್ಮ ಕಡೆ ಹೊಸತು. ಆದರೆ ಹೆಣ್ಣಿನ ಕಡೆಯವರಿಗೆ ಅದೇ ಅನುಕೂಲವಾಗಿತ್ತು, ಮದುವಣಗಿತ್ತಿಯ ಕೋಣೆಗೂ ನಾನು ಸಂಕೋಚವಿಲ್ಲದೆ ಹೋಗಬಹುದಿತ್ತು. ತುರುವೇಕೆರೆ, ದಬ್ಬೇಘಟ್ಟ, ಚಿಕ್ಕನಾಯಕನಹಳ್ಳಿ, ಎಲ್ಲೆಲ್ಲಿ ಛತ್ರವಿತ್ತೋ ಅಲ್ಲೆಲ್ಲ ಹೋಗಿ ಬಂದಿದ್ದೇನೆ. ನನ್ನ ಕ್ಯಾಸೆಟ್ಟಿನ ಬಗ್ಗೆ ಅದುವರೆಗೆ ಯಾರೂ ಕೊಂಕು ತೆಗೆದಿರಲಿಲ್ಲ. ತೆಗೆದಿದ್ದರೆ ನಾನು ಸುಮ್ಮನೆ ಕೇಳಿಸಿಕೊಳ್ಳುತ್ತಲೂ ಇರಲಿಲ್ಲ.

ಆಗ ದಂಡಿನಶಿವರದ ಕಡೆ ಹೋಗುವ ದಾರಿಯಲ್ಲಿ ಒಂದು ಕೆರೆ ಬರಿದಾಗಿತ್ತು. ಅದರ ಅಂಗಳದಲ್ಲಿ ಪ್ರತಿ ಬೇಸಿಗೆಗೆ ಒಂದು ಭಾನುವಾರ ಬೈಕ್ ರೇಸ್ ನಡೆಯುತ್ತಿತ್ತು. ದೊಡ್ಡ ರೇಸೇನಲ್ಲ. ಗ್ಯಾರೇಜಿನವರು, ತೋಟದವರು, ಕೊಬ್ಬರಿ ಮಂಡಿಯಲ್ಲಿ ದುಡಿಯುವವರು ಸೇರಿ ಮಾಡಿಕೊಂಡಿದ್ದು. ತೆಂಗಿನಕಾಯಿ ಸಿಪ್ಪೆ ತುಂಬಿದ ಗೋಣಿಚೀಲಗಳನ್ನು ಸಾಲಾಗಿ ಇಟ್ಟು ದಾರಿ ಗುರುತು ಮಾಡುತ್ತಿದ್ದರು. ಯಾರಾದರೂ ಜಾರಿ ಹೋಗಿ ಗುದ್ದಿದರೂ ಮೈಗೆ ಪೆಟ್ಟಾಗುತ್ತಿರಲಿಲ್ಲ. ಹತ್ತು ಸುತ್ತು, ಗೆದ್ದವರಿಗೆ ಒಂದು ಕಪ್ಪು. ಆ ಕಪ್ಪನ್ನು ಪ್ರತಿ ವರ್ಷ ಹಾಸನದಿಂದ ಬರುವ ಒಬ್ಬನೇ ಹೊತ್ತುಕೊಂಡು ಹೋಗುತ್ತಿದ್ದ.

ನಮ್ಮೂರಿನ ಆಸೆಯೆಲ್ಲ ಇನ್ನೊಬ್ಬನ ಮೇಲಿತ್ತು. ಅವನು ಬೆಳಗಿನಿಂದ ಸಂಜೆವರೆಗೆ ಕಾಯಿ ಸುಲಿಯುವ ಕೆಲಸದವನು, ಇಪ್ಪತ್ತೈದು ವರ್ಷದ ಗಟ್ಟಿ ಆಳು. ಅವನ ಹಳೇ ಟೂ ಸ್ಟ್ರೋಕ್ ಬೈಕನ್ನು ಬಿಚ್ಚಿ, ತಿಕ್ಕಿ, ಮತ್ತೆ ಜೋಡಿಸಿ ರೇಸಿಗೆ ತಯಾರು ಮಾಡುತ್ತಿದ್ದವರು ನಮ್ಮ ಸ್ಟುಡಿಯೋ ಹಿಂದಿನ ಬೀದಿಯ ಮೆಕ್ಯಾನಿಕ್ ಸಾಬರು. ಊರಿಗೆಲ್ಲ ಅವರು ಉಸ್ತಾದ್. ಪ್ರತಿ ವರ್ಷವೂ ಇವನು ಎರಡನೆಯವನಾಗಿ ಬರುತ್ತಿದ್ದ. ಎರಡನೆಯವರಿಗೆ ಒಂದು ಟವೆಲ್ ಕೊಡುತ್ತಿದ್ದರು. ಅವನ ಮನೆಯಲ್ಲಿ ಟವೆಲ್ಲಿಗೆ ಬರವಿರಲಿಲ್ಲ.

ಆ ವರ್ಷ ರೇಸ್ ನಡೆಸುವವರು ವಿಡಿಯೋ ಮಾಡಿಸೋಣ ಎಂದು ಸ್ಟುಡಿಯೋಗೆ ಬಂದರು. ನಾನು ಒಪ್ಪಿಕೊಂಡೆ. ಇಪ್ಪತ್ತು ಜನರ ರೇಸು, ಇನ್ನೂರು ಜನರ ಮದುವೆಗಿಂತ ಕಷ್ಟವೇ ಎನ್ನುವ ಧೋರಣೆ ನನ್ನದು.

ಹೇಗೆ ತೆಗೆದೆ ಎಂದು ಕೇಳಿ. ಮೊದಲು ಬ್ಯಾನರ್. ಆಮೇಲೆ ದೀಪ ಹಚ್ಚಿದ್ದು. ಶಾಮಿಯಾನದಲ್ಲಿ ಕೂತವರ ಮುಖದ ಮೇಲೆ ಒಬ್ಬೊಬ್ಬರಾಗಿ, ಯಾರಿಗೂ ಬೇಸರವಾಗದ ಹಾಗೆ, ನಿಧಾನವಾಗಿ ಕ್ಯಾಮರಾ ಓಡಿಸಿದೆ. ಮುಖ್ಯ ಅತಿಥಿಗಳಿಗೆ ಹಾರ ಹಾಕುವಾಗ ಹಾರವನ್ನು ಇನ್ನೊಂದು ಸಲ ಎತ್ತಿಸಿ ಹಾಕಿಸಿದೆ. ಊಟದ ಪಂಕ್ತಿಯನ್ನು ಈ ತುದಿಯಿಂದ ಆ ತುದಿಯವರೆಗೆ ಹಿಡಿದೆ. ರೇಸ್ ಕೂಡ ತೆಗೆದೆ, ಶಾಮಿಯಾನದ ನೆರಳಲ್ಲಿ ನಿಂತು. ಕೊನೆಯ ಸುತ್ತಿನಲ್ಲಿ ಅತಿಥಿಗಳಿಗೆ ಎಳನೀರು ಕೊಟ್ಟರು, ಹಾಗಾಗಿ ಅದನ್ನು ತೆಗೆದೆ. ಆಮೇಲೆ ತುಮಕೂರಿಗೆ ಹೋಗಿ ಮಿಕ್ಸಿಂಗ್ ಮಾಡಿಸಿದೆ. ಮದುವೆ ಕ್ಯಾಸೆಟ್ಟಿನಲ್ಲಿ ಗಲಾಟೆಯ ಸದ್ದನ್ನೆಲ್ಲ ಅಳಿಸಿ ಸಿನಿಮಾ ಹಾಡು ಕೂರಿಸುವುದು ರೂಢಿ, ಇದಕ್ಕೂ ಕೂರಿಸಿದೆ. ಮೇಲಿನಿಂದ ಗುಲಾಬಿ ಪಕಳೆ ಉದುರಿಸಿದೆ. ಎಲ್ಲಕ್ಕಿಂತ ಚೆಂದ ಬರಲಿ ಎಂದು ನಮ್ಮ ಕಾಯಿ ಸುಲಿಯುವವನನ್ನು ಹೃದಯದಾಕಾರದ ಚೌಕಟ್ಟಿನೊಳಗೆ ಕೂರಿಸಿದೆ.

ಕ್ಯಾಸೆಟ್ಟನ್ನು ಎಲ್ಲರೂ ಸೇರಿ ನೋಡಿದ್ದು ಉಸ್ತಾದರ ಗ್ಯಾರೇಜಿನಲ್ಲಿ. ಶುಕ್ರವಾರ ಮಧ್ಯಾಹ್ನ ಅವರು ನಮಾಜಿಗೆ ಹೋಗಿ ಬಂದಮೇಲೆ ಸಂಜೆವರೆಗೆ ಸ್ಪ್ಯಾನರ್ ಮುಟ್ಟುತ್ತಿರಲಿಲ್ಲ. ಹಾಗಾಗಿ ಅಂದು ಬೆಂಚಿನ ಮೇಲೆ ಟಿವಿ, ವಿಸಿಆರ್ ಇಟ್ಟಿದ್ದರು. ಹೃದಯದ ಚೌಕಟ್ಟು ಬಂದಾಗ ಗ್ಯಾರೇಜಿನ ತಗಡು ಹಾರಿಹೋಗುವ ಹಾಗೆ ನಕ್ಕರು. ಚೌಕಟ್ಟಿನಲ್ಲಿದ್ದವನು ಮಾತ್ರ ಟೈರಿನ ರಾಶಿಯ ಹಿಂದೆ ಮುಖ ಮುಚ್ಚಿಕೊಂಡು ಕೂತಿದ್ದ. ನಗು ಅಡಗಿದ ಮೇಲೆ ಉಸ್ತಾದರು ಎದ್ದು ಹೋಗಿ ಪಾಜ್ ಬಟನ್ ಒತ್ತಿದರು. ಎಳನೀರು ಕುಡಿಯುತ್ತಿದ್ದ ಅತಿಥಿಗಳು ಬಾಯಿ ತೆರೆದುಕೊಂಡು ಟಿವಿಯಲ್ಲಿ ನಿಂತರು.

"ಇಲ್ಲಿ ಏನಾಯ್ತಮ್ಮ?" ಎಂದರು.

ಅದು ಅವರ ಕೆಲಸದ ರೀತಿ ಎಂದು ನನಗೆ ಆಮೇಲೆ ತಿಳಿಯಿತು. ಕೆಟ್ಟ ಗಾಡಿ ತಂದವರನ್ನೂ ಅವರು ಹೀಗೇ ಕೇಳುತ್ತಿದ್ದರು. ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನುವ ಮಾತೇ ಅವರ ಬಾಯಲ್ಲಿ ಇರಲಿಲ್ಲ. ನಾನು ಅತಿಥಿಗಳ ಹೆಸರು, ಹುದ್ದೆ ಎಲ್ಲ ಹೇಳಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, ಅದೇ ಹೊತ್ತಿಗೆ ಕೆರೆಯಲ್ಲಿ ಏನಾಯಿತು, ನಮ್ಮವನು ಎಲ್ಲಿ ಸೋತ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಉಸ್ತಾದರು, ಆ ಗಾಡಿಯ ಸದ್ದು ಕೇಳಿಸಿದ್ದರೆ ಕಣ್ಣು ಮುಚ್ಚಿಕೊಂಡಾದರೂ ಹೇಳುತ್ತಿದ್ದೆ, ಅದನ್ನೂ ಅಳಿಸಿದ್ದೀಯಲ್ಲಮ್ಮ ಎಂದರು. ಅವರ ದನಿಯಲ್ಲಿ ಕುಹಕವಿರಲಿಲ್ಲ. ಅದೇ ನನಗೆ ಇನ್ನಷ್ಟು ಉರಿ ಹತ್ತಿಸಿತು. ನಾನು ವಿಸಿಆರ್‌ನಿಂದ ಕ್ಯಾಸೆಟ್ಟನ್ನು ಕಿತ್ತುಕೊಂಡು, ಮದುವೆ ಮಾಡಿಕೊಳ್ಳುವಾಗ ಹೇಳಿ ಕಳಿಸಿ ಬತ್ತೀನಿ, ಇಂಥದ್ದಕ್ಕೆಲ್ಲ ಕರೀಬೇಡಿ ಎಂದು ಹೇಳಿ ಎದ್ದು ಬಂದೆ.

ಹದಿನೈದು ದಿನ ಆ ಬೀದಿಯಲ್ಲಿ ಕಾಲಿಡಲಿಲ್ಲ. ಯಜಮಾನರು ಮಾತ್ರ ಊಟಕ್ಕೆ ಕೂತಾಗಲೆಲ್ಲ ಗುಲಾಬಿ ಪಕಳೆ ಇನ್ನೂ ಸ್ವಲ್ಪ ಉದುರಿಸು ಎಂದು ಕೇಳುತ್ತಿದ್ದರು. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಆ ಕ್ಯಾಸೆಟ್ಟನ್ನು ಒಬ್ಬಳೇ ಹಾಕಿಕೊಂಡು ನೋಡಿದೆ. ನೋಡುತ್ತಾ ನೋಡುತ್ತಾ ನನಗೇ ನಾಚಿಕೆಯಾಯಿತು. ಒಂದು ಗಂಟೆಯ ಕ್ಯಾಸೆಟ್ಟಿನಲ್ಲಿ ಬೈಕು ಕಾಣಿಸಿದ್ದು ಧೂಳಿನೊಳಗೆ ಓಡಿಹೋದ ಕುರಿ ಮಂದೆಯಷ್ಟು. ಮಾರನೇ ದಿನ ಗ್ಯಾರೇಜಿಗೆ ಹೋಗಿ, ಎಲ್ಲಿ ನಿಂತುಕೊಳ್ಳಬೇಕು ಹೇಳಿ ಎಂದೆ. ಕ್ಷಮೆ ಗಿಮೆ ಕೇಳಲಿಲ್ಲ. ಉಸ್ತಾದರು ನೆಲದ ಮೇಲೆ ಆಯಿಲ್ ಹತ್ತಿದ ಬೆರಳಿನಿಂದ ಕೆರೆಯ ನಕ್ಷೆ ಬರೆದು ಮೂರನೇ ತಿರುವಿನ ಹತ್ತಿರ ಒಂದು ಚುಕ್ಕೆ ಇಟ್ಟರು. ರೇಸು ಗೆಲ್ಲುವುದು, ಸೋಲುವುದು ಎಲ್ಲ ಅಲ್ಲೇ ಎಂದರು.

ಎರಡನೇ ವರ್ಷ ನಾನು ಶಾಮಿಯಾನದ ಕಡೆ ತಿರುಗಿಯೂ ನೋಡಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೂಗಿಗೆ ಕರ್ಚೀಫ್ ಕಟ್ಟಿ, ಮೂರನೇ ತಿರುವಿನ ಚೀಲಗಳ ಹಿಂದೆ ನಿಂತೆ. ಸದ್ದು ಅಳಿಸಲಿಲ್ಲ, ಹಾಡು ಹಾಕಲಿಲ್ಲ. ನಮ್ಮವನು ಎಂಟನೇ ಸುತ್ತಿನವರೆಗೆ ಮುಂದಿದ್ದ. ಒಂಬತ್ತರಲ್ಲಿ, ನನ್ನ ಕಣ್ಣ ಮುಂದೆಯೇ, ಹಾಸನದವನು ಒಳಗಿನಿಂದ ನುಗ್ಗಿ ಹೋದ. ಮತ್ತೆ ಟವೆಲ್.

ಅಂದೇ ರೇಸ್ ನಡೆಸುವವರು ಇನ್ನೊಂದು ಸುದ್ದಿ ಹೇಳಿದರು. ಹೇಮಾವತಿ ನಾಲೆಯ ನೀರನ್ನು ಈ ಕೆರೆಗೂ ಹರಿಸುತ್ತಾರಂತೆ. ಮುಂದಿನ ಬೇಸಿಗೆಗೆ ಇಲ್ಲಿ ಕೊನೆಯ ರೇಸು, ಆಮೇಲೆ ನೀರು ನಿಲ್ಲುತ್ತದೆ ಎಂದರು. ಜನ ಚಪ್ಪಾಳೆ ತಟ್ಟಿದರು. ನಮ್ಮವನೂ ತಟ್ಟಿದ, ಅವನ ಅಣ್ಣನ ತೋಟ ಆ ಕೆರೆಯ ಕೆಳಗೇ ಇತ್ತು. ಆದರೆ ತಟ್ಟುತ್ತಾ ತಟ್ಟುತ್ತಾ ಅವನ ಮುಖ ಇಳಿದುಹೋಯಿತು. ಗೆಲ್ಲುವುದಕ್ಕೆ ಅವನಿಗೆ ಉಳಿದಿದ್ದು ಇನ್ನೊಂದೇ ಸಲ.

ಶುಕ್ರವಾರ ಗ್ಯಾರೇಜು ತುಂಬಿತ್ತು. ಈ ಸಲ ಕ್ಯಾಸೆಟ್ ನೋಡಿ ಯಾರೂ ನಗಲಿಲ್ಲ. ನನ್ನದು ಅದು, ಇದು ನಂದು ಎಂದು ಒಬ್ಬೊಬ್ಬರೂ ತಮ್ಮ ಬೈಕನ್ನು ಕಂಡು ಖುಷಿಪಟ್ಟರು. ನಾನು ಬೀಗುತ್ತಾ ಕೂತಿದ್ದೆ. ಒಂಬತ್ತನೇ ಸುತ್ತು ಬಂದಾಗ ಉಸ್ತಾದರು ಪಾಜ್ ಒತ್ತಿ ಅದೇ ಪ್ರಶ್ನೆ ಕೇಳಿದರು, ಇಲ್ಲಿ ಏನಾಯ್ತು? ಒಬ್ಬ ಟೈರ್ ಜಾರಿತು ಎಂದ. ಇನ್ನೊಬ್ಬ ಗೇರ್ ಎಂದ. ಉಸ್ತಾದರು ಅಲ್ಲ ಎಂದು ತಲೆಯಾಡಿಸಿದರು. ಗಾಡಿ ಸದ್ದು ಇಲ್ಲಿ ಒಂದು ಚಣ ಇಳಿಯುತ್ತದೆ, ಇವನೇ ಕೈ ಸಡಿಲ ಬಿಟ್ಟಿದ್ದಾನೆ, ಯಾಕೆಂದು ನನಗೂ ತಿಳಿಯುತ್ತಿಲ್ಲ ಎಂದರು.

ನನಗೆ ತಿಳಿದಿತ್ತು. ಟಿವಿಯಲ್ಲಿ ನಿಂತುಹೋಗಿದ್ದ ಆ ಮುಖವನ್ನು ನಾನು ಸಾವಿರ ಸಲ ನೋಡಿದ್ದೆ. ನಮ್ಮ ಕಡೆ ಮದುವೆ ಮನೆಯಲ್ಲಿ ಕ್ಯಾಮರಾ ತಿರುಗಿದ ತಕ್ಷಣ ಜನ ಮಾಡುತ್ತಿದ್ದ ಕೆಲಸವನ್ನು ಬಿಟ್ಟು ನನ್ನ ಕಡೆ ನೋಡುತ್ತಾರೆ. ಊಟ ಮಾಡುವವರ ತುತ್ತು ಅರ್ಧಕ್ಕೆ ನಿಲ್ಲುತ್ತದೆ. ತಾಳಿ ಕಟ್ಟುವ ಗಂಡಿನ ಕೈ ಕೂಡ ನಿಲ್ಲುತ್ತದೆ. ಕ್ಯಾಮರಾ ಬಂದಾಗ ನೋಡದೇ ಇರುವುದು ಅಗೌರವ ಎಂದೇ ನಮ್ಮ ಜನರ ಲೆಕ್ಕ. ಇವನೂ ಅದನ್ನೇ ಮಾಡಿದ್ದ. ಅಂಥ ವೇಗದಲ್ಲಿ ತಿರುವಿಗೆ ಬರುತ್ತಾ, ಕತ್ತು ತಿರುಗಿಸಿ, ನನ್ನ ಕಡೆ ನೋಡಿದ್ದ.

ಹೇಳಲೋ ಬೇಡವೋ ಎಂದು ಹೊಯ್ದಾಡಿದೆ. ಬೈಕಿನ ಹಿಂದಿನ ಸೀಟಿನಲ್ಲಿ ಕೂತು ಗೊತ್ತೇ ಹೊರತು ಹ್ಯಾಂಡಲ್ ಹಿಡಿದವಳಲ್ಲ ನಾನು. ಯಜಮಾನರು ಸುಮ್ಮನಿರು ಎಂದು ಕಣ್ಣಲ್ಲೇ ಸನ್ನೆ ಮಾಡಿದರು. ಅವರು ಸುಮ್ಮನಿರು ಎಂದದ್ದಕ್ಕೇ ನನಗೆ ಬಾಯಿ ಬಂತು.

"ಅವನು ಕ್ಯಾಮರಾ ನೋಡ್ತಾ ಅವ್ನೆ," ಎಂದೆ.

ಅವನು ಎದ್ದು ನಿಂತ. ಇಷ್ಟು ಜನ ಗಾಡಿ ಬಲ್ಲವರಿದ್ದಾರೆ, ಅವರಿಗೆ ಕಾಣದ್ದು ನಿಮಗೆ ಕಂಡಿತಾ ಎಂದು ಕೇಳಿದ. ನಾನು ರಿಮೋಟ್ ಕಿತ್ತುಕೊಂಡು ಮೊದಲನೇ ಸುತ್ತಿನಿಂದ ಹಾಕಿದೆ. ಪ್ರತಿ ಸುತ್ತಿನಲ್ಲೂ ಅದೇ ಜಾಗಕ್ಕೆ ಬಂದಾಗ ನಿಲ್ಲಿಸಿದೆ. ಒಂಬತ್ತು ಸಲವೂ ಹೆಲ್ಮೆಟ್ಟು ನನ್ನ ಕಡೆ ತಿರುಗಿತ್ತು. ಎರಡು ಸಲ ಹಲ್ಲು ಬಿಟ್ಟಿದ್ದೂ ಕಾಣುತ್ತಿತ್ತು. ಹಾಸನದವನದು ಒಂದು ಸಲವೂ ತಿರುಗಿರಲಿಲ್ಲ. ಅವನು ಹೆಲ್ಮೆಟ್ ಎತ್ತಿಕೊಂಡು, ಹೋದ ವರ್ಷ ನಾನು ಹೋದ ಹಾಗೆಯೇ, ಹಿಂದೆ ನೋಡದೆ ಹೊರಟುಹೋದ. ಹಿಂದೆ ಕೂತಿದ್ದವರಲ್ಲಿ ಒಬ್ಬ, ಸೋತಿದ್ದಕ್ಕೆ ಈಗ ಕ್ಯಾಮರಾ ಹೊತ್ತ ಹೆಂಗಸು ಕಾರಣ ಅನ್ನುವುದೊಂದು ಬಾಕಿ ಇತ್ತು ನೋಡು ಎಂದ. ಉಸ್ತಾದರು ಅವನ ಕಡೆ ಒಂದು ನೋಟ ಬಿಟ್ಟರು, ಅವನು ಬಾಯಿ ಮುಚ್ಚಿಕೊಂಡ. ನಾನೋ ಮಾತು ಆಡಿಬಿಟ್ಟಿದ್ದೆ, ಇನ್ನು ವಾಪಸು ತೆಗೆದುಕೊಳ್ಳುವ ಹಾಗಿರಲಿಲ್ಲ. ಮುಂದಿನ ಸಲ ಅವನು ಸೋತರೆ ನನ್ನ ಮಾತೂ ಅವನ ಜೊತೆ ಸೋಲುತ್ತದೆ.

ಅವನು ಹದಿನೈದು ದಿನ ಕಾಯಿಸಲಿಲ್ಲ. ನನಗಿಂತ ಒಳ್ಳೆಯವನು, ಮೂರನೇ ದಿನವೇ ಬಂದ. ಸ್ಟುಡಿಯೋ ಬಾಗಿಲಲ್ಲಿ ನಿಂತು, ನೋಡಬಾರದು ಅಂದುಕೊಂಡರೂ ಕತ್ತು ತಾನಾಗಿ ತಿರುಗುತ್ತದೆ ಅಕ್ಕ, ಏನು ಮಾಡಲಿ ಎಂದ. ಅಷ್ಟು ದೊಡ್ಡ ಆಳು ಅಷ್ಟು ಸಣ್ಣ ದನಿಯಲ್ಲಿ ಕೇಳಿದಾಗ ನಾನೇ ಎದ್ದು ಹೋಗಿ ಒಳಗೆ ಕರೆದು ಕೂರಿಸಿದೆ.

ಮಳೆಗಾಲ ಕಳೆದ ಮೇಲೆ ನಮ್ಮ ಪಾಠ ಶುರುವಾಯಿತು. ಮದುವೆ ಇಲ್ಲದ ಭಾನುವಾರಗಳಲ್ಲಿ ಬೆಳಿಗ್ಗೆ ಉಸ್ತಾದರು, ಅವನು, ಯಜಮಾನರು, ನಾನು ಕೆರೆಗೆ ಹೋಗುತ್ತಿದ್ದೆವು. ನಾನು ಖಾಲಿ ಕ್ಯಾಮರಾ ಹೊತ್ತು ಮೂರನೇ ತಿರುವಿನಲ್ಲಿ ನಿಲ್ಲುವುದು, ಅವನು ಸುತ್ತು ಹಾಕುವುದು, ನೋಡಿದರೆ ನಾನು ಕೈ ಎತ್ತುವುದು. ಗಾಡಿಗೆ ಹೂಡುವ ಹೊಸ ಎತ್ತಿಗೆ ಬಸ್ಸಿನ ಹಾರನ್ ಅಭ್ಯಾಸ ಮಾಡಿಸಿದ ಹಾಗೆ. ಮೊದಲ ವಾರಗಳಲ್ಲಿ ಕೈ ಇಳಿಸಲು ಪುರುಸೊತ್ತೇ ಇರಲಿಲ್ಲ. ಮದುವೆಗೆ ಬಳಸುವ ದೊಡ್ಡ ಲೈಟನ್ನು ಯಜಮಾನರ ಕೈಯಲ್ಲಿ ಹಿಡಿಸಿ, ಬ್ಯಾಟರಿಗೆ ಕೊಟ್ಟು ಮುಖಕ್ಕೆ ಬಿಡಿಸಿದ್ದೂ ಉಂಟು. ಹಗಲು ಹೊತ್ತಿನಲ್ಲಿ ಕೆರೆಯ ಮಧ್ಯೆ ಲೈಟು ಹಿಡಿದು ನಿಂತ ಅವರನ್ನು ಕುರಿ ಕಾಯುವವರು ನಿಂತು ನಿಂತು ನೋಡುತ್ತಿದ್ದರು. ಅವರು ನೋಡಬೇಕಾದದ್ದೇ, ನಮ್ಮ ಯಜಮಾನರ ಮುಖ ಹಾಗಿತ್ತು.

ಅವನೂ ನನಗೆ ಹೇಳಿಕೊಟ್ಟ. ಒಂದು ದಿನ ಹಳೆಯ ಕ್ಯಾಸೆಟ್ಟನ್ನು ನೆನೆಸಿಕೊಂಡು, "ನೀವು ನನ್ ಹಿಂದ್ ಹಿಂದೆ ಕ್ಯಾಮರಾ ಓಡುಸ್ತೀರ ಅಕ್ಕ. ಹಂಗ್ ಓಡುಸ್ಬ್ಯಾಡ್ರಿ. ನೀವು ಮುಂದ್ಗಡೆ ನಿಂತ್ಕಳಿ, ನಾನೇ ಬತ್ತೀನಿ," ಎಂದ. ಹಿಂದಿನ ನಾನಾಗಿದ್ದರೆ ಕಾಯಿ ಸುಲಿಯುವವನಿಂದ ಕ್ಯಾಮರಾ ಕಲಿಯಬೇಕಾ ಎಂದು ಕೇಳಿರುತ್ತಿದ್ದೆ. ಅಂದು ಹಾಗೆನ್ನಲಿಲ್ಲ. ಅವನು ಹೇಳಿದ ಹಾಗೆ ಖಾಲಿ ದಾರಿಯ ಮೇಲೆ ಕ್ಯಾಮರಾ ಇಟ್ಟು ಕಾದೆ. ಅವನು ಬಂದ. ಬೈಕು ಚೌಕಟ್ಟಿನೊಳಗೆ ನುಗ್ಗಿ ಬಂದಾಗ ನಾನೇ ಒಂದು ಹೆಜ್ಜೆ ಹಿಂದಕ್ಕೆ ಸರಿದೆ. ಅಷ್ಟು ವರ್ಷ ಮದುವೆ ತೆಗೆದ ನನಗೆ ಈ ವಿಷಯ ಹೊಳೆದಿರಲಿಲ್ಲ.

ಕೊನೆಯ ರೇಸಿನ ದಿನ ಕೆರೆ ಏರಿಯ ಮೇಲೆಲ್ಲ ಜನ. ನೀರು ಬರುವ ಜಾಗ ಹೇಗಿದೆ ನೋಡೋಣ ಎಂದು ಬಂದವರೂ ಸೇರಿದ್ದರು. ಹಿಂದಿನ ವಾರಗಳಲ್ಲಿ ಅವನ ಕತ್ತು ಒಂದು ಹದಕ್ಕೆ ಬಂದಿತ್ತು, ಆದರೆ ಪೂರ್ತಿ ಬಂದಿರಲಿಲ್ಲ. ಐದು ಸುತ್ತು ಚೆನ್ನಾಗಿ ಹೋದರೆ ಆರನೆಯದರಲ್ಲಿ ಮತ್ತೆ ತಿರುಗುತ್ತಿತ್ತು. ಹಾಗಾಗಿ ನಾನು ನಿಲ್ಲುವುದೇ ಬೇಡ, ಆಚೆ ಬದಿಗೆ ಹೋಗುತ್ತೇನೆ ಎಂದೆ. ಅವನು ಒಪ್ಪಲಿಲ್ಲ. ನೀವು ಇಲ್ಲದೆ ಗೆದ್ದರೆ ನಾನು ಕಲಿತ ಹಾಗಾಗಲಿಲ್ಲ ಎಂದ. ಉಸ್ತಾದರು ಮೂರನೇ ತಿರುವಿನ ಕಡೆ ಕೈ ತೋರಿಸಿದರು.

ಹಾಸನದವನು ಮೊದಲಿನಿಂದಲೇ ಮುಂದಿದ್ದ. ನಮ್ಮವನು ಒಂದು ಗಾಡಿಯಷ್ಟು ಹಿಂದೆ. ಒಂದು, ಎರಡು, ಮೂರು ಎಂದು ನಾನು ಎಣಿಸುತ್ತಾ ಹೋದೆ. ಪ್ರತಿ ಸುತ್ತಿನಲ್ಲೂ ಅವನ ಹೆಲ್ಮೆಟ್ಟು ನೆಟ್ಟಗೆ ಮುಂದಕ್ಕೇ ಇತ್ತು. ಒಂಬತ್ತನೆಯದು ಮುಗಿದಾಗ ಕ್ಯಾಮರಾದ ಕಿಂಡಿಯಲ್ಲಿ ನನಗೆ ಏನೂ ಕಾಣುತ್ತಿರಲಿಲ್ಲ, ಕಣ್ಣಲ್ಲಿ ನೀರೋ ಧೂಳೋ ತುಂಬಿತ್ತು. ಕಣ್ಣೊರೆಸಿಕೊಂಡು ನೋಡಿದರೆ ಹತ್ತನೇ ಸುತ್ತಿನಲ್ಲಿ ಇಬ್ಬರೂ ಒಟ್ಟಿಗೆ ತಿರುವಿಗೆ ಬಂದರು. ಹಾಸನದವನು ಸ್ವಲ್ಪ ಹೊರಕ್ಕೆ ಹೋದ. ಒಳಗೆ ಒಂದು ಬೈಕು ತೂರುವಷ್ಟು ಜಾಗವಾಯಿತು. ಈಗ ಅವನು ತಿರುಗಿಬಿಟ್ಟರೆ ಮುಗಿಯಿತು ಎನ್ನಿಸಿ ನನಗೆ ತಡೆಯಲಾಗಲಿಲ್ಲ.

"ನನ್ ಕಡೆ ನೋಡ್ಬ್ಯಾಡ ಕಣ್ಲಾ!" ಎಂದು ಕಿರುಚಿದೆ.

ಅವನು ನೋಡಲಿಲ್ಲ. ಕೈ ಸಡಿಲ ಬಿಡಲಿಲ್ಲ. ಆ ಕಿಂಡಿಯಷ್ಟು ಜಾಗದಲ್ಲಿ ನುಗ್ಗಿ, ಚೀಲವೊಂದನ್ನು ಸವರಿಕೊಂಡು, ಮುಂದೆ ಹೋದ. ಗೆಲುವಿನ ಗೆರೆ ಕೆರೆಯ ಆಚೆ ತುದಿಯಲ್ಲಿತ್ತು, ನನಗೆ ಕಾಣಲಿಲ್ಲ. ಏರಿಯ ಮೇಲಿನ ಕೂಗು ಕೇಳಿಯೇ ನನಗೆ ಗೊತ್ತಾದದ್ದು. ಕ್ಯಾಮರಾ ಹೆಗಲ ಮೇಲಿದೆ ಎನ್ನುವುದನ್ನೂ ಮರೆತು ಓಡಿದೆ. ಮೈಯೆಲ್ಲ ಧೂಳಾಗಿದ್ದ ಉಸ್ತಾದರು ಅವನನ್ನು ತಬ್ಬಿಕೊಂಡು ಅಳುತ್ತಿದ್ದರು. ನನ್ನ ಯಜಮಾನರು ಯಾರೋ ಗುರುತಿಲ್ಲದವರನ್ನು ತಬ್ಬಿಕೊಂಡಿದ್ದರು. ಹಾಸನದವನು ಬಂದು ನಮ್ಮವನ ಕೈ ಕುಲುಕಿ, ಒಳ್ಳೇ ಜಾಗ ನೋಡಿದ್ರಿ ಎಂದ. ಅವನಿಗೆ ಟವೆಲ್ ಕೊಟ್ಟರು.

ಆಮೇಲಿನ ನಾಲ್ಕೈದು ದಿನ ನಾನು ಊರಲ್ಲಿ ನೆಲದ ಮೇಲೆ ನಡೆಯಲಿಲ್ಲ. ಸೊಪ್ಪಿನವಳಿಗೂ ಹೇಳಿದೆ, ಹಾಲಿನವನಿಗೂ ಹೇಳಿದೆ, ಸರಿಯಾದ ಹೊತ್ತಿಗೆ ನಾನು ಕೂಗಿದ್ದರಿಂದ ಗೆದ್ದ ಎಂದು. ಹೇಳುತ್ತಾ ಹೇಳುತ್ತಾ ಕೂಗು ದೊಡ್ಡದಾಗುತ್ತಾ ಹೋಯಿತು. ಅವನು ಮಾತ್ರ ಎದುರಿಗೆ ಸಿಕ್ಕಾಗ ನಕ್ಕು ಸುಮ್ಮನಾಗುತ್ತಿದ್ದ.

ಶುಕ್ರವಾರ ಗ್ಯಾರೇಜಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೀದಿಯಲ್ಲಿ ನಿಂತು ಕಿಟಕಿಯಿಂದ ನೋಡುವವರೂ ಇದ್ದರು. ಹತ್ತನೇ ಸುತ್ತು ಬಂತು, ಬೈಕು ಬಂತು, ನನ್ನ ಕೂಗು ಬಂತು. ಎಲ್ಲರೂ ಹೋ ಎಂದು ಚಪ್ಪಾಳೆ ತಟ್ಟಿದರು. ನಾನು ಹೆಮ್ಮೆಯಿಂದ ಸುತ್ತ ನೋಡಿದೆ. ಉಸ್ತಾದರು ಎದ್ದು ಹೋಗಿ ಕ್ಯಾಸೆಟ್ಟನ್ನು ಹಿಂದಕ್ಕೆ ಓಡಿಸಿದರು. ಮತ್ತೆ ಹಾಕಿದರು. ಇನ್ನೊಂದು ಸಲ ಹಿಂದಕ್ಕೆ ಓಡಿಸಿ, ಈ ಸಲ ನನ್ನ ದನಿ ಬರುವುದಕ್ಕೆ ಸ್ವಲ್ಪ ಮುಂಚೆ ಪಾಜ್ ಒತ್ತಿದರು.

ಟಿವಿಯಲ್ಲಿ ಅವನು ಆಗಲೇ ಒಳಗೆ ನುಗ್ಗಿಯಾಗಿತ್ತು. ಮುಂದಿನ ಚಕ್ರ ಹಾಸನದವನ ಚಕ್ರವನ್ನು ದಾಟಿತ್ತು. ತಲೆ ನೆಟ್ಟಗೆ, ಕಣ್ಣು ದಾರಿಯ ಮೇಲೆ. ನಾನು ಇನ್ನೂ ಬಾಯಿ ತೆರೆದಿರಲಿಲ್ಲ.

"ನೀನು ಕೂಗೋಕ್ ಮುಂಚೇನೇ ಅವ್ನು ಗೆದ್ದವ್ನೆ ಕಣಮ್ಮ," ಎಂದರು ಉಸ್ತಾದರು. "ಪುಣ್ಯಕ್ಕೆ ನಿನ್ ಕೂಗು ಅವನ್ಗೆ ಕೇಳಿಸ್ಲಿಲ್ಲ. ಕೇಳಿಸಿದ್ರೆ ಯಾರು ಅಂತ ತಿರುಗಿ ನೋಡ್ತಿದ್ದ."

ಗ್ಯಾರೇಜೆಲ್ಲ ನಕ್ಕಿತು. ಎರಡು ವರ್ಷದ ಹಿಂದೆ ಇದೇ ಜಾಗದಲ್ಲಿ ಇಂಥದೇ ನಗು ಕೇಳಿ ನಾನು ಎದ್ದು ಹೋದವಳು. ಈಗ ಎಲ್ಲರಿಗಿಂತ ಜೋರಾಗಿ ನಕ್ಕವಳೂ ನಾನೇ. ನಗುತ್ತಲೇ ಹೋಗಿ ಟಿವಿಯ ಮುಂದೆ ಕೂತುಕೊಂಡೆ. ನನ್ನ ಕ್ಯಾಮರಾ ಅಷ್ಟು ಹತ್ತಿರ ಇದ್ದರೂ ಅದರ ಕಡೆ ಕಣ್ಣೆತ್ತಿಯೂ ನೋಡದೆ ತನ್ನ ಕೆಲಸದಲ್ಲಿ ಮುಳುಗಿದ್ದ ಒಬ್ಬ ಮನುಷ್ಯನ ಮುಖ ಅಲ್ಲಿ ನಿಂತಿತ್ತು. ಅಷ್ಟು ವರ್ಷಗಳಲ್ಲಿ ಅಂಥ ಮುಖವನ್ನು ನಾನು ತೆಗೆದದ್ದು ಅದೇ ಮೊದಲು. ಉಸ್ತಾದರು ಮತ್ತೆ ಪ್ಲೇ ಒತ್ತಲು ಕೈ ಚಾಚಿದರು. ಸ್ವಲ್ಪ ತಡೀರಿ, ಇನ್ನೊಂದು ಗಳಿಗೆ ನೋಡ್ತೀನಿ ಎಂದೆ.